ಭೂಗರ್ಭದ ವಾರ್ತೆಯನ್ನು ಓದಿದ ಓಲ್ಡ್‌ಹ್ಯಾಂ

ಕನಕಪುರದಿಂದ ಸಾತನೂರಿನ ಮೇಲೆ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಹಲಗೂರನ್ನು ಹಾದುಹೋದ ನಮ್ಮ ವಾಚಕರು ಆ ಊರಿನ ಆಸುಪಾಸಿನ ಬಂಡೆಗಳನ್ನು ಕಂಡೇ ಇರುವರು. ಮುತ್ತತ್ತಿಗೆ ಹೊರಟ ಯಾತ್ರಿಕರಿಗೂ, ಶಿಂಷಾ ಜಲಪಾತವನ್ನು ನೋಡಹೋಗುವ ಪ್ರವಾಸಿಗಳಿಗೂ, ಕಂದಾಯದ ಕೆಲಸಕ್ಕಾಗಿ ಹೋಬಳಿಯನ್ನು ಸುತ್ತುವ ಅಧಿಕಾರಿಗಳಿಗೂ ಅವು ನಿತ್ಯವೂ ಕಣ್ಣಿಗೆ ಬೀಳುವ ವಸ್ತುಗಳಾದುದರಿಂದ, ಅವುಗಳ ಮುಂದೆ ನಿಂತು ವಿಚಾರಮಾಡುವವರು ವಿರಳ. ಆದರೆ ಭೂವಿಜ್ಞಾನಿಗಳು ಹೇಳುವುದನ್ನು ಕೇಳಿದರೆ ಆಶ್ಚರ್ಯವಾಗದಿರದು. ಸಾತನೂರು ಹಲಗೂರುಗಳ ಈ ಪ್ರದೇಶದ ಶಿಲೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಿಂದ ಸುಮಾರು 20 ಕಿಲೋಮೀಟರುಗಳಷ್ಟು ಆಳದಲ್ಲಿ ಬೆಂದು ಈ ರೂಪವನ್ನು ಪಡೆದುವಂತೆ. ಅವುಗಳ ಮೇಲಿದ್ದ ನೆಲವೆಲ್ಲವೂ ಮಳೆಗಾಳಿಗಳಿಗೆ ಸವೆದು ಸಮುದ್ರವನ್ನು ಸೇರಿತು. ಪರ್ವತದ ಬೇರಿನ ಭಾಗವಾಗಿದ್ದುದು ಇಂದು ರಾಗಿಹೊಲದ ಬದುವಿನಲ್ಲಿ ಬಿಸಿಲು ಕಾಯುತ್ತಿದೆ.

ಈ ಮಾತನ್ನು ಕೇಳಿದ ವಿವೇಕಿಗಳು ಒಡನೆಯೇ ಒಂದು ಪ್ರಶ್ನೆಯನ್ನು ಕೇಳದಿರಲಾರರು. ಮೇಲೆ ಬಂದ ಕಲ್ಲಿನ ಕಥೆಯನ್ನು ಕಲ್ಲೇ ಹೇಳಬಹುದು. ಆದರೆ ಇಂದಿಗೂ ಕೆಳಗೇ ಉಳಿದಿರುವುದರ ಗತಿಯೇನು? ಅದನ್ನು ಕಂಡವರು ಯಾರು? ಮನುಷ್ಯನು ಕೈಯಿಂದ ತೋಡಿದ ಆಳವು ಬಹು ಸ್ವಲ್ಪ. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋಗುವುದಕ್ಕೆ ಮುಂಚೆ 3 ಕಿಲೋಮೀಟರುಗಳಿಗಿಂತ ಕೆಳಕ್ಕೆ ಇಳಿದಿದ್ದವು. ಅಷ್ಟಕ್ಕೇ ಜಗತ್ತು ಬೆರಗಾಗಿತ್ತು. ರಷ್ಯಾ ದೇಶದ ಕೋಲಾ ಎಂಬಲ್ಲಿ ಕೊರೆದ ಬಾವಿಯು 12 ಕಿಲೋಮೀಟರುಗಳನ್ನು ದಾಟಿ ನಿಂತಿತು. ಭೂಮಧ್ಯಕ್ಕಾದರೋ 6,371 ಕಿಲೋಮೀಟರುಗಳ ದಾರಿಯುಂಟು. ಆ ದಾರಿಯಲ್ಲಿ ಹೋಗಿಬಂದು ನಮಗೆ ವಾರ್ತೆಯನ್ನು ತಲುಪಿಸಬಲ್ಲ ದೂತನು ಒಬ್ಬನೇ. ಅವನೇ ಭೂಕಂಪದ ಅಲೆ. ಆ ದೂತನ ಭಾಷೆಯನ್ನು ಮೊಟ್ಟಮೊದಲು ಸ್ಪಷ್ಟವಾಗಿ ಓದಿದವರು ನಮ್ಮ ದೇಶದಲ್ಲಿಯೇ ಇಪ್ಪತ್ತನಾಲ್ಕು ವರ್ಷಗಳ ಕಾಲ ದುಡಿದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಂ ಎಂಬ ವಿದ್ವಾಂಸರು. ಅವರು ತೀರಿಕೊಂಡದ್ದು 1936ರಲ್ಲಿ. ವಿಜ್ಞಾನದ ಗ್ರಂಥಗಳಲ್ಲಿ ಅವರ ಹೆಸರು ಸ್ಥಿರವಾಗಿದೆಯಾದರೂ, ಯಾವ ನೆಲದ ನಡುಕದಿಂದ ಅವರಿಗೆ ಆ ವಿದ್ಯೆಯು ಲಭಿಸಿತೋ ಆ ನೆಲದ ಜನಸಾಮಾನ್ಯರಿಗೆ ಅವರ ಪರಿಚಯವು ಸಾಲದು. ಆದಕಾರಣ ಅವರ ಚರಿತ್ರೆಯನ್ನು ಸಂಗ್ರಹವಾಗಿ ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಓಲ್ಡ್‌ಹ್ಯಾಂ ಅವರು 1858ನೆಯ ಇಸವಿ ಜುಲೈ 31ರಂದು ಹುಟ್ಟಿದರು. ಅವರ ತಂದೆ ತಾಮಸ್ ಓಲ್ಡ್‌ಹ್ಯಾಂ ಐರ್ಲೆಂಡಿನವರು. 1851ರಲ್ಲಿ ಕಲ್ಕತ್ತೆಗೆ ಬಂದು ಭಾರತದ ಭೂಗರ್ಭ ಸಮೀಕ್ಷಾ ಇಲಾಖೆಯನ್ನು ಕಟ್ಟಿ ನಿಲ್ಲಿಸಿದ ಮೊದಲನೆಯ ಮುಖ್ಯಾಧಿಕಾರಿಗಳು. ಮಗನು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿಯೂ ಬಳಿಕ ಲಂಡನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್ ಎಂಬ ಗಣಿವಿದ್ಯಾಲಯದಲ್ಲಿಯೂ ಓದಿದನು. 1878ರಲ್ಲಿ ತಂದೆಯು ಕಾಲವಾದರು. ಅದರ ಮರುವರ್ಷ, ಇಪ್ಪತ್ತೊಂದರ ಪ್ರಾಯದಲ್ಲಿ, ಮಗನು ತಂದೆಯು ಸ್ಥಾಪಿಸಿದ ಇಲಾಖೆಯಲ್ಲಿಯೇ ಕಿರಿಯ ಅಧಿಕಾರಿಯಾಗಿ ಸೇರಿ ಹಿಮಾಲಯದ ಕಡೆಗೆ ಹೊರಟನು.

ತಂದೆಯ ಆಸ್ತಿಯನ್ನು ಮಕ್ಕಳು ಅನುಭವಿಸುವುದು ಲೋಕರೂಢಿ. ತಂದೆಯು ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೊತ್ತು ಮುಗಿಸುವ ಮಕ್ಕಳು ಕಡಮೆ. 1869ನೆಯ ಇಸವಿ ಜನವರಿ 10ರಂದು ಕಾಛಾರ್ ಸೀಮೆಯಲ್ಲಿ ಒಂದು ದೊಡ್ಡ ಭೂಕಂಪವಾಗಿತ್ತು. ತಾಮಸ್ ಅವರು ಅದನ್ನು ಕುರಿತು ಬಹಳ ಸಾಮಗ್ರಿಯನ್ನು ಸಂಗ್ರಹಿಸಿದ್ದರೂ ಗ್ರಂಥವನ್ನು ಪೂರೈಸಲಾರದೆ ಹೋಗಿದ್ದರು. ಮಗನು ಆ ಕಾಗದಗಳನ್ನೆಲ್ಲ ಸರಿಪಡಿಸಿ 1882ರಲ್ಲಿ ತಂದೆಯ ಹೆಸರಿನಲ್ಲಿಯೇ ಪ್ರಕಟಪಡಿಸಿದನು. ಭಾರತದಲ್ಲಿ ಆಗಿಹೋದ ಭೂಕಂಪಗಳ ಪಟ್ಟಿಯೊಂದನ್ನು ತಂದೆಯು ಸಿದ್ಧಪಡಿಸಿದ್ದರು. ಅದನ್ನೂ ಮಗನು 1883ರಲ್ಲಿ ಅಚ್ಚಿಗೆ ಕೊಟ್ಟನು. ಈ ಎರಡು ಪಿತೃಋಣಗಳನ್ನು ತೀರಿಸುವ ಕಾಲದಲ್ಲಿಯೇ ಭೂಕಂಪಶಾಸ್ತ್ರದಲ್ಲಿ ಆತನ ಮನಸ್ಸು ಬೇರೂರಿತೆಂದು ನಾವು ಭಾವಿಸುತ್ತೇವೆ. ಕಂಪನವು ಕ್ಷಣಮಾತ್ರದ್ದು, ಅದನ್ನು ಬರೆದಿಟ್ಟ ಕಾಗದವು ಮಾತ್ರ ಬಹುಕಾಲದ್ದು ಎಂಬ ಪಾಠವನ್ನು ಆ ಕೆಲಸವು ಅವರಿಗೆ ಕಲಿಸಿದಂತಿದೆ.

ಹಿಮಾಲಯದಲ್ಲಿ ಅವರಿಗೆ ಎದುರಾದುದು ಇನ್ನೊಂದು ಒಗಟು. ಅದರ ಮೂಲವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದು ಲ್ಯಾಂಬ್ಟನ್ ಅವರು ಆರಂಭಿಸಿದ ಭೂಮಾಪನವು, ಎವರೆಸ್ಟ್ ಅವರ ಕಾಲಕ್ಕೆ ಹಿಮಾಲಯದ ಬುಡದವರೆಗೂ ಮುಟ್ಟಿತ್ತು. ಉತ್ತರದ ಕಲಿಯಾನಾ, ಮಧ್ಯಭಾರತದ ಕಲ್ಯಾಣಪುರ ಎಂಬೆರಡು ಸ್ಥಳಗಳ ಅಂತರವನ್ನು ನೆಲದ ಮೇಲೆ ಅಳೆದಾಗ ಒಂದು ಲೆಕ್ಕವೂ, ನಕ್ಷತ್ರಗಳನ್ನು ನೋಡಿ ಗುಣಿಸಿದಾಗ ಇನ್ನೊಂದು ಲೆಕ್ಕವೂ ಬಂದುವು. ವ್ಯತ್ಯಾಸವು 5.24 ವಿಕಲೆ ಮಾತ್ರ. ಹಿಮಾಲಯದ ಭಾರವು ತೂಗುಗುಂಡನ್ನು ತನ್ನ ಕಡೆಗೆ ಸೆಳೆಯುವುದರಿಂದ ಹೀಗಾಗಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರಾಟ್ ಅವರು ಗಣಿತಮಾಡಿದರು. ಆದರೆ ಗಣಿತದಂತೆ ವ್ಯತ್ಯಾಸವು ಸುಮಾರು 15.9 ವಿಕಲೆಗಳಿರಬೇಕಾಗಿತ್ತು. ಎಂದರೆ ಅಷ್ಟು ದೊಡ್ಡ ಪರ್ವತವು ಸೆಳೆಯಬೇಕಾದಷ್ಟು ಸೆಳೆಯಲಿಲ್ಲ! ನೀರಿನಲ್ಲಿ ತೇಲುವ ದಿಮ್ಮಿಯಂತೆ ಪರ್ವತಕ್ಕೆ ಕೆಳಗಡೆ ಹಗುರವಾದ ಆಳದ ಬೇರುಂಟೆಂದು 1855ರಲ್ಲಿ ಏರಿ ಎಂಬ ಖಗೋಳಜ್ಞರು ಹೇಳಿದರು. ಪರ್ವತದ ಕೆಳಗಣ ದ್ರವ್ಯವೇ ಹಗುರವಾದುದೆಂದು ಪ್ರಾಟ್ ಅವರು ವಾದಿಸಿದರು. ತೂಗುಗುಂಡು ಇಬ್ಬರಿಗೂ ಸಾಕ್ಷಿ ಹೇಳುತ್ತಿತ್ತು. ಬೇರು ಎಷ್ಟು ಆಳಕ್ಕೆ ಇಳಿದಿದೆ, ಅದರ ಎಲ್ಲೆ ಎಲ್ಲಿದೆ ಎಂಬುದನ್ನು ಹೇಳಲು ಅದಕ್ಕೆ ಶಕ್ತಿಯಿರಲಿಲ್ಲ. ಆ ಎಲ್ಲೆಯನ್ನು ತೋರಿಸಬಲ್ಲ ಸಾಧನವಿನ್ನೂ ಮನುಷ್ಯನ ಕೈಗೆ ಬಂದಿರಲಿಲ್ಲ.

ಬೆಟ್ಟಗಳಲ್ಲಿ ಅಲೆಯುತ್ತ, ಶೋಣನದಿಯ ಕಣಿವೆಯ ಶಿಲೆಗಳನ್ನು ಪರೀಕ್ಷಿಸುತ್ತ, ಬಿಸಿನೀರಿನ ಬುಗ್ಗೆಗಳನ್ನು ಕುರಿತು ಬರೆಯುತ್ತ ಓಲ್ಡ್‌ಹ್ಯಾಂ ಅವರು ಹದಿನೈದು ವರ್ಷಗಳನ್ನು ಕಳೆದರು. ಭಾರತದ ಭೂವಿಜ್ಞಾನಕ್ಕೆ ಕೈಪಿಡಿಯೆನಿಸಿದ ಮಹಾಗ್ರಂಥದ ಎರಡನೆಯ ಆವೃತ್ತಿಯನ್ನು 1893ರಲ್ಲಿ ಅವರೇ ಸಿದ್ಧಪಡಿಸಿದರು. ಅದರ ಮರುವರ್ಷವೇ ನಮ್ಮ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದು, ಅದೇ ಸಮೀಕ್ಷೆಯಲ್ಲಿ ಕೆಲಸಮಾಡಿ ನಿವೃತ್ತರಾಗಿದ್ದ ಬ್ರೂಸ್ ಫೂಟ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತವಾಗಿದೆ.

1897ನೆಯ ಇಸವಿ ಜೂನ್ 12, ಶನಿವಾರ. ಸಂಜೆ ಐದುಗಂಟೆಯ ಮೇಲೆ ಸುಮಾರು ಕಾಲುಗಂಟೆಯಾಗಿತ್ತು. ಅಸ್ಸಾಮಿನ ನೆಲವು ಒಮ್ಮೆಲೇ ನಡುಗಿತು. ಷಿಲ್ಲಾಂಗ್ ಪಟ್ಟಣದಲ್ಲಿ ಕಲ್ಲಿನಿಂದ ಕಟ್ಟಿದ ಕಟ್ಟಡಗಳೆಲ್ಲವೂ ನೆಲಸಮವಾದುವು. ಸುಮಾರು 1,50,000 ಚದರ ಮೈಲಿಗಳ ವಿಸ್ತೀರ್ಣದಲ್ಲಿ ಇಟ್ಟಿಗೆ ಕಲ್ಲುಗಳ ಮನೆಗಳು ಹಾಳಾದುವು. ಬೆಟ್ಟಗಳು ಜರಿದು ಹಳ್ಳಿಗಳ ಮೇಲೆ ಬಿದ್ದುವು. ಬಯಲಿನಲ್ಲಿ ನೆಲವು ಬಿರಿದು ಮರಳೂ ನೀರೂ ಚಿಮ್ಮಿದುವು. ಸತ್ತವರ ಸಂಖ್ಯೆಯು ಸುಮಾರು 1,500. ಸಂಜೆಯ ಹೊತ್ತಾದುದರಿಂದ ಜನರು ಮನೆಯಿಂದ ಹೊರಗಿದ್ದರು. ಅದೇ ನಡುರಾತ್ರಿಯಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದಕ್ಕೂ ಭಯವಾಗುತ್ತದೆ.

ಈ ಉತ್ಪಾತವನ್ನು ಕುರಿತು ವರದಿಯನ್ನು ತಯಾರಿಸುವ ಹೊರೆಯು ಓಲ್ಡ್‌ಹ್ಯಾಂ ಅವರ ಮೇಲೆ ಬಿತ್ತು. ಅವರೂ ಅವರ ಸಹೋದ್ಯೋಗಿಗಳೂ ಮುರಿದ ರಸ್ತೆ ಸೇತುವೆಗಳನ್ನು ದಾಟಿ ಹಾಳುಬಿದ್ದ ಪ್ರದೇಶವನ್ನೆಲ್ಲ ಸುತ್ತಿದರು. ಛೇಡ್ರಂಗ್ ಎಂಬ ಹೊಳೆಯ ಪಾತ್ರದಲ್ಲಿ ನೆಲವು ಸೀಳಿ, ಒಂದು ಪಕ್ಕವು ಇನ್ನೊಂದಕ್ಕಿಂತ 35 ಅಡಿಗಳವರೆಗೂ ಮೇಲೆದ್ದು, ಹಿಂದಿಲ್ಲದ ಜಲಪಾತಗಳೂ ಮಡುಗಳೂ ಉಂಟಾಗಿದ್ದುದನ್ನು ಅಳೆದು ಬರೆದರು. ನೆಲದಲ್ಲಿ ಹುದುಗಿದ್ದ ಕಲ್ಲುಗಳು ಮೊರದೊಳಗಣ ಕಾಳಿನಂತೆ ಕುಳಿಗಳಿಂದ ನೆಗೆದು ಬಿದ್ದುದನ್ನು ಕಂಡು, ನೆಲದ ನೆಗೆತವು ಭೂಮಿಯ ಸೆಳೆತವನ್ನೇ ಮೀರಿತ್ತೆಂದು ನಿರ್ಣಯಿಸಿದರು. ಗೋಡೆ ಬಿರಿದ ದಿಕ್ಕು, ಗೋರಿಯ ಕಲ್ಲು ತಿರುಗಿದ ಬಗೆ, ಗಡಿಯಾರ ನಿಂತ ವೇಳೆ, ಇವೊಂದೂ ಅವರಿಗೆ ಅಲ್ಪವೆನಿಸಲಿಲ್ಲ. ದೂರದೂರದ ಊರುಗಳ ಅಧಿಕಾರಿಗಳೂ, ತೋಟಗಳ ಸಾಹುಕಾರರೂ, ರೈಲ್ವೆ ನೌಕರರೂ ಬರೆದು ಕಳುಹಿದ ಕಾಗದಗಳನ್ನು ಒಂದೊಂದಾಗಿ ಓದಿ, ನಂಬತಕ್ಕದ್ದನ್ನು ಇಟ್ಟುಕೊಂಡು, ತಕ್ಕದ್ದಲ್ಲದ್ದನ್ನು ಬಿಟ್ಟು, 1899ರಲ್ಲಿ ವರದಿಯನ್ನು ಪ್ರಕಟಿಸಿದರು. ಭೂಕಂಪಗಳನ್ನು ಕುರಿತು ಅಲ್ಲಿಯವರೆಗೆ ಬಂದಿದ್ದ ವರದಿಗಳಲ್ಲಿ ಅದಕ್ಕೆ ಸಮನಾದುದು ವಿರಳವೆಂದು ಬಲ್ಲವರು ಇಂದಿಗೂ ಹೇಳುತ್ತಾರೆ.

ಆದರೆ ಅವರ ಕೀರ್ತಿಗೆ ಕಾರಣವಾದ ಶೋಧವು ಅಸ್ಸಾಮಿನಲ್ಲಿ ದೊರೆಯಲಿಲ್ಲ. ಸಾವಿರಾರು ಮೈಲಿಗಳಾಚೆ ಇಟಲಿ ದೇಶದಲ್ಲಿ ದೊರೆಯಿತು. 1889ರಲ್ಲಿ ಜಪಾನಿನಲ್ಲಾದ ಭೂಕಂಪವೊಂದು ಜರ್ಮನಿಯ ಪಾಟ್ಸ್‌ಡ್ಯಾಮಿನ ಸೂಕ್ಷ್ಮಯಂತ್ರದಲ್ಲಿ ಗುರುತನ್ನು ಮೂಡಿಸಿದಂದಿನಿಂದ, ದೊಡ್ಡ ಭೂಕಂಪಗಳ ಅಲೆಗಳು ಭೂಗೋಳವನ್ನೆಲ್ಲ ಹಾದುಹೋಗುವುವೆಂಬುದು ತಿಳಿದಿತ್ತು. 1897ರ ಕಂಪನವನ್ನು ಇಟಲಿಯ ಭೂಕಂಪಲೇಖಕ ಯಂತ್ರಗಳು ಕಾಗದದ ಮೇಲೆ ಬರೆದಿಟ್ಟಿದ್ದವು. ಓಲ್ಡ್‌ಹ್ಯಾಂ ಅವರು ಆ ವಕ್ರರೇಖೆಗಳನ್ನು ತರಿಸಿ ನೋಡಿದರು. ಇತರರಿಗೆ ಗೊಂದಲದಂತೆ ತೋರುತ್ತಿದ್ದ ಆ ಗೀಟುಗಳಲ್ಲಿ ಅವರಿಗೆ ಮೂರು ಬೇರೆಬೇರೆಯ ಆಗಮನಗಳು ಕಂಡುವು. ಮೊದಲು ಬಂದುದು, ಶಬ್ದದಂತೆ ಕಲ್ಲನ್ನು ಒತ್ತುತ್ತ ಸಡಿಲಿಸುತ್ತ ಮುಂದುವರಿಯುವ ಅಲೆ. ಎರಡನೆಯದು, ಹಗ್ಗವನ್ನು ಒದರಿದಾಗ ಹರಿಯುವಂತೆ ಅಡ್ಡಡ್ಡಲಾಗಿ ಅಲುಗಾಡಿಸುತ್ತ ಬರುವ ಅಲೆ. ಮೂರನೆಯದು, ಭೂಮಿಯ ಒಳಗನ್ನು ಹೊಗದೆ ಮೇಲ್ಮೈಯನ್ನೇ ಸುತ್ತಿಕೊಂಡು ಬರುವ ದೊಡ್ಡ ಅಲೆ. ಅಸ್ಸಾಮಿನಿಂದ ಇಟಲಿಗೆ ಮೊದಲನೆಯದಕ್ಕೆ ಹಿಡಿಯುವ ಕಾಲ ಸುಮಾರು 11 ನಿಮಿಷ. ಎರಡನೆಯದಕ್ಕೆ ಸುಮಾರು 20 ನಿಮಿಷ.

ಇದರಿಂದ ಆದ ಪ್ರಯೋಜನವೇನೆಂದು ನಮ್ಮ ವಾಚಕರು ಕೇಳಬಹುದು. ಒಂದೇ ಊರಿನಿಂದ ಒಂದೇ ಹೊತ್ತಿಗೆ ಒಬ್ಬ ಕುದುರೆ ಸವಾರನೂ ಒಬ್ಬ ಕಾಲಾಳೂ ಹೊರಟರೆನ್ನೋಣ. ಇಬ್ಬರೂ ನಮ್ಮ ಬಾಗಿಲಿಗೆ ಬಂದ ಹೊತ್ತನ್ನು ಗುರುತಿಟ್ಟುಕೊಂಡರೆ ಆ ಊರು ಎಷ್ಟು ದೂರವೆಂಬುದನ್ನು ಗುಣಿಸಬಹುದು. ದೂರವು ಮೊದಲೇ ತಿಳಿದಿದ್ದು ಒಬ್ಬನು ಬರಬೇಕಾದ ಹೊತ್ತಿಗೆ ಬಾರದೆ ತಡವಾದರೆ, ದಾರಿಯಲ್ಲಿ ಹೊಳೆಯೋ ಕೆಸರೋ ಅಡ್ಡವಾಗಿರಬೇಕೆಂದು ಊಹಿಸಬಹುದು. ಭೂಕಂಪದ ಅಲೆಗಳಿಂದ ಭೂಗರ್ಭವನ್ನು ಅರಿಯುವ ವಿದ್ಯೆಯೆಲ್ಲವೂ ಈ ಸಾಮಾನ್ಯ ಯುಕ್ತಿಯ ಮೇಲೆಯೇ ನಿಂತಿದೆ. ಗಟ್ಟಿಯಾದ ಶಿಲೆಯಲ್ಲಿ ಅಲೆಯು ಬೇಗ ಸಾಗುವುದು, ಸಡಿಲವಾದುದರಲ್ಲಿ ತಡವಾಗುವುದು, ಅಡ್ಡಡ್ಡಲಾಗಿ ಅಲುಗುವ ಎರಡನೆಯ ಅಲೆಯು ದ್ರವವನ್ನು ದಾಟಲಾರದು. ಆದುದರಿಂದ ಆ ಎರಡು ಅಲೆಗಳನ್ನು ಯಂತ್ರದ ಲೇಖನದಲ್ಲಿ ಬೇರ್ಪಡಿಸಿದವರೇ ಭೂಗರ್ಭದ ಬಾಗಿಲಿನ ಬೀಗವನ್ನು ತೆಗೆದವರೆಂದು ಹೇಳಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ನಡುಗಿದುದು ನಮ್ಮ ನೆಲ. ಸತ್ತವರು ನಮ್ಮ ಜನ. ಆದರೆ ಆ ನಡುಕವನ್ನು ನೆಚ್ಚತಕ್ಕಂತೆ ಬರೆದಿಡಬಲ್ಲ ಯಂತ್ರವೊಂದು ಈ ವಿಶಾಲವಾದ ದೇಶದಲ್ಲಿ ಆಗ ಇರಲಿಲ್ಲ. ಅನರ್ಥವಾದ ಮೇಲೆ ಸರ್ಕಾರವು ಎಚ್ಚತ್ತಿತು. 1898ನೆಯ ಇಸವಿ ಡಿಸೆಂಬರ್ 1ರಂದು ಕಲ್ಕತ್ತೆಯ ಆಲಿಪುರದಲ್ಲಿಯೂ, 1899ರಲ್ಲಿ ಮುಂಬಯಿಯ ಕೊಲಾಬಾ ಮತ್ತು ಕೊಡೈಕನಾಲುಗಳಲ್ಲಿಯೂ ಭೂಕಂಪ ವೀಕ್ಷಣಾಲಯಗಳು ಏರ್ಪಟ್ಟುವು. ಆ ಇಲಾಖೆಯ ಮೇಲ್ದರ್ಜೆಯ ಹುದ್ದೆಗಳಲ್ಲಿ ಭಾರತೀಯರು ಬೆರಳೆಣಿಕೆಗೂ ಸಿಕ್ಕುತ್ತಿರಲಿಲ್ಲ. 1880ರಲ್ಲಿ ಸೇರಿದ ಪ್ರಮಥನಾಥ ಬೋಸರು ಎಷ್ಟು ಯೋಗ್ಯರಾಗಿದ್ದರೂ, ತಮಗಿಂತ ಕಿರಿಯರಾದ ಆಂಗ್ಲೇಯರನ್ನು 1903ರಲ್ಲಿ ಮುಖ್ಯಸ್ಥರನ್ನಾಗಿ ಮಾಡಿದುದರಿಂದ ಕೆಲಸವನ್ನು ಬಿಟ್ಟರು. ಇದು ಓಲ್ಡ್‌ಹ್ಯಾಂ ಅವರ ದೋಷವಲ್ಲ. ಕಾಲದ ಮತ್ತು ಆಳ್ವಿಕೆಯ ದೋಷ. ಆ ದೋಷವನ್ನು ಮುಚ್ಚಿಡುವುದೂ ಸರಿಯಲ್ಲ. ಅದಕ್ಕಾಗಿ ಒಬ್ಬ ಸತ್ಯಶೋಧಕರ ಗುಣವನ್ನು ಅಲ್ಲಗಳೆಯುವುದೂ ಸರಿಯಲ್ಲ.

ಅದೇ 1903ರಲ್ಲಿ ಓಲ್ಡ್‌ಹ್ಯಾಂ ಅವರೂ ದೇಹಸ್ಥಿತಿಯು ಕೆಟ್ಟುದರಿಂದ ರಾಜೀನಾಮೆಯನ್ನು ಕೊಟ್ಟು ಸ್ವದೇಶಕ್ಕೆ ಹಿಂದಿರುಗಿದರು. ಆಗ ಅವರಿಗೆ ನಲವತ್ತೈದು ವರ್ಷ. ಆರೋಗ್ಯವಿಲ್ಲದ ನಿವೃತ್ತರು ಹಳೆಯ ನೆನಪುಗಳಲ್ಲಿ ಕಾಲ ಕಳೆಯುವುದುಂಟು. ಇವರು ಹಾಗೆ ಮಾಡಲಿಲ್ಲ. ಜಗತ್ತಿನ ನಾನಾ ಕಡೆಗಳ ಯಂತ್ರಲೇಖನಗಳನ್ನು ಸಂಗ್ರಹಿಸಿ, ಅಲೆಗಳ ಬರವಿನ ಕಾಲವನ್ನು ದೂರದೊಡನೆ ಹೋಲಿಸುತ್ತ ಕುಳಿತರು. ಭೂಗೋಳದ ಸುತ್ತಳತೆಯಲ್ಲಿ 120 ಅಂಶಗಳಿಗಿಂತ ದೂರದ ಸ್ಥಳಗಳಲ್ಲಿ ಎರಡನೆಯ ಅಲೆಯು ನಿರೀಕ್ಷೆಗಿಂತ ಬಹಳ ತಡವಾಗಿ ತೋರುತ್ತಿತ್ತು. ಅಷ್ಟು ದೂರಕ್ಕೆ ಹೋಗುವ ಅಲೆಯು ಭೂಮಧ್ಯದ ಸಮೀಪವನ್ನು ಹಾದುಹೋಗಲೇಬೇಕಾದುದರಿಂದ, ಅಲ್ಲಿ ಬೇರೆಯ ಗುಣವುಳ್ಳ ಒಂದು ತಿರುಳು ಇರಲೇಬೇಕೆಂದು 1906ರಲ್ಲಿ ಅವರು ಸಾರಿದರು. ಭೂಮಿಗೆ ತಿರುಳುಂಟೆಂಬುದಕ್ಕೆ ಭೂಕಂಪದ ಅಲೆಗಳಿಂದ ದೊರೆತ ಮೊದಲನೆಯ ಸ್ಪಷ್ಟ ಪ್ರಮಾಣವು ಇದೇ.

ಅವರ ಲೆಕ್ಕದಲ್ಲಿ ತಪ್ಪುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ತಡವಾಗಿ ಬಂದುದೆಂದು ಅವರು ಬಗೆದ ಅಲೆಯು ಬೇರೊಂದು ಅಲೆಯಾಗಿತ್ತೆಂಬುದು ಮುಂದೆ ತಿಳಿಯಿತು. ತಿರುಳಿನ ಅರೆವ್ಯಾಸವು ಭೂಮಿಯ ಅರೆವ್ಯಾಸದ ಹತ್ತರಲ್ಲಿ ನಾಲ್ಕು ಪಾಲೆಂದು ಅವರು ಎಣಿಸಿದ್ದರು. ನಿಜವಾಗಿ ಅದು ಹತ್ತರಲ್ಲಿ ಐದೂವರೆ ಪಾಲು. ಜರ್ಮನಿಯ ಗುಟೆನ್‌ಬರ್ಗ್ ಅವರು ಕೆಲವೇ ವರ್ಷಗಳಲ್ಲಿ ತಿರುಳಿನ ಎಲ್ಲೆಯು ಸುಮಾರು 2,900 ಕಿಲೋಮೀಟರುಗಳ ಆಳದಲ್ಲಿದೆಯೆಂದು ಸರಿಪಡಿಸಿದರು. ಅದು ದ್ರವರೂಪದ್ದೆಂಬುದನ್ನು 1926ರಲ್ಲಿ ಜೆಫ್ರೀಸ್ ಅವರು ಸಾಧಿಸಿದರು. ಆದರೆ ದಾರಿಯನ್ನು ಕಡಿದವನು ಅಲ್ಲಲ್ಲಿ ಎಡವಿದನೆಂದು ದಾರಿಯು ಸುಳ್ಳಾಗುವುದಿಲ್ಲ.

ಆ ದಾರಿಯಲ್ಲಿಯೇ ನಡೆದು ಪರ್ವತಗಳ ಬೇರಿನ ಎಲ್ಲೆಯನ್ನು ಕಂಡವರು ಕ್ರೊಯೇಷಿಯಾ ದೇಶದ ಮೊಹೊರೊವಿಚಿಚ್. 1909ನೆಯ ಇಸವಿ ಅಕ್ಟೋಬರ್ 8ರಂದು ಅವರ ಸೀಮೆಯಲ್ಲಿ ಭೂಕಂಪವಾದಾಗ, ಮೊದಲನೆಯ ಅಲೆಯೇ ಕೆಲವು ಸ್ಥಳಗಳಿಗೆ ಎರಡು ಸಲ ಬಂದಿದ್ದುದನ್ನು ಅವರು ಗಮನಿಸಿದರು. ಒಂದು ಮೇಲಣ ಭೂಕವಚದಲ್ಲಿಯೇ ನಿಧಾನವಾಗಿ ಬಂದುದು. ಇನ್ನೊಂದು ಆಳಕ್ಕಿಳಿದು, ಭಾರವಾದ ಶಿಲೆಯಲ್ಲಿ ವೇಗದಿಂದ ಓಡಿ, ಮತ್ತೆ ಮೇಲೆ ಬಂದುದು. ಹಗುರವಾದ ಕವಚವು ಮುಗಿದು ಭಾರವಾದ ಶಿಲೆಯು ಆರಂಭವಾಗುವ ಸೀಮೆಯು ಹೀಗೆ ಪತ್ತೆಯಾಯಿತು. ಇಂದು ಅದನ್ನು ಮೋಹೋ ಸೀಮೆಯೆಂದು ಕರೆಯುತ್ತಾರೆ. ತೂಗುಗುಂಡಿಗೆ ತೀರದ ವ್ಯಾಜ್ಯವನ್ನು ಅಲೆಗಳು ತೀರಿಸತೊಡಗಿದುವು. ಸಾಮಾನ್ಯವಾಗಿ ಭೂಖಂಡಗಳ ಕೆಳಗೆ ಈ ಸೀಮೆಯು 35 ರಿಂದ 40 ಕಿಲೋಮೀಟರುಗಳ ಆಳದಲ್ಲಿದ್ದರೆ, ಟಿಬೆಟ್ಟಿನ ಕೆಳಗೆ ಸುಮಾರು 70 ಕಿಲೋಮೀಟರುಗಳಿಗೆ ಇಳಿದಿದೆ. ಹಿಮಾಲಯಕ್ಕೆ ಬೇರುಂಟೆಂದ ಏರಿ ಅವರ ಮಾತು ಬಹುಮಟ್ಟಿಗೆ ನಿಜವಾಯಿತು.

ಓಲ್ಡ್‌ಹ್ಯಾಂ ಅವರು ಭಾರತವನ್ನು ಬಿಟ್ಟರೂ ಭಾರತವು ಅವರನ್ನು ಬಿಡಲಿಲ್ಲ. ಹಿಮಾಲಯ ಮತ್ತು ಗಂಗಾನದಿಯ ಬಯಲಿನ ಒಳರಚನೆಯನ್ನು ಭೂಮಾಪನದ ಅಂಕಿಗಳಿಂದ ನಿರೂಪಿಸುವ ಗ್ರಂಥವನ್ನು 1917ರಲ್ಲಿ ಬರೆದರು. 1819ರ ಕಚ್ಛದ ಭೂಕಂಪವನ್ನು ಹಳೆಯ ದಾಖಲೆಗಳಿಂದ ಮತ್ತೆ ಶೋಧಿಸಿ, ಅದರೊಡನೆಯೇ 1897ನ್ನು ಕುರಿತ ತಮ್ಮ ಸ್ವಂತ ನಿರ್ಣಯಗಳನ್ನೂ ಪುನರ್ವಿಮರ್ಶೆಮಾಡಿ 1926ರಲ್ಲಿ ಪ್ರಕಟಿಸಿದರು. ಅರುವತ್ತೆಂಟರ ಮುಪ್ಪಿನಲ್ಲಿ, ತಮಗೆ ಕೀರ್ತಿಯನ್ನು ತಂದ ಬರಹವನ್ನೇ ತಾವೇ ತಿದ್ದಲು ಕುಳಿತುಕೊಳ್ಳುವ ಮನಸ್ಸು ಎಲ್ಲರಿಗೂ ಬರುವುದಲ್ಲ. 1908ರಲ್ಲಿ ಲಯೆಲ್ ಪದಕವೂ, 1911ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ, 1920ರಿಂದ 1922ರವರೆಗೆ ಲಂಡನಿನ ಭೂವಿಜ್ಞಾನ ಸಂಘದ ಅಧ್ಯಕ್ಷಪದವಿಯೂ ಅವರಿಗೆ ಸಂದುವು. 1936ನೆಯ ಇಸವಿ ಜುಲೈ 15ರಂದು ವೇಲ್ಸಿನ ಲಾಂಡ್ರಿಂಡಾಡ್ ವೆಲ್ಸ್ ಎಂಬ ಊರಿನಲ್ಲಿ ಅವರು ದೇಹವನ್ನು ಬಿಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ಮೊಹೊರೊವಿಚಿಚ್ ಅವರೂ ತೀರಿಕೊಂಡರು; ಅದೇ ವರ್ಷ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ವಿದುಷಿಯು ತಿರುಳಿನೊಳಗೆ ಇನ್ನೊಂದು ಒಳತಿರುಳುಂಟೆಂದು ಪ್ರಕಟಿಸಿದಳು. ಹಿರಿಯರು ಕಣ್ಣುಮುಚ್ಚುವಾಗ ವಿದ್ಯೆಯು ನಿಲ್ಲದೆ ಮುಂದಿನ ಹೆಜ್ಜೆಯನ್ನಿಟ್ಟಿತು.

ಇನ್ನು ನಮ್ಮ ನಾಡಿನ ಮಾತು. ಸ್ವಾತಂತ್ರ್ಯವು ಬಂದ ಬಳಿಕ ಈ ವಿದ್ಯೆಯು ನಮ್ಮವರ ಕೈಗೆ ಬಂದಿತು. 1965ರಲ್ಲಿ ಗೌರಿಬಿದನೂರಿನ ಹೊಲಗಳ ನಡುವೆ 20 ಕಂಪನಮಾಪಕಗಳ ಸಾಲೊಂದನ್ನು ಭಾರತದ ಅಣುಶಕ್ತಿ ಇಲಾಖೆಯು ಸ್ಥಾಪಿಸಿತು. ದೂರದೇಶಗಳ ಭೂಕಂಪಗಳೂ ಅಣುಸ್ಫೋಟಗಳೂ ಅಲ್ಲಿ ಗುರುತಾಗತೊಡಗಿದುವು. 1972ರಿಂದ 1975ರವರೆಗೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದವರು, ಸೋವಿಯತ್ ವಿಜ್ಞಾನಿಗಳ ಸಹಕಾರದಿಂದ, ಪೂರ್ವತೀರದ ಕಾವಲಿಯಿಂದ ಪಶ್ಚಿಮತೀರದ ಉಡುಪಿಯವರೆಗೆ ಸುಮಾರು 600 ಕಿಲೋಮೀಟರುಗಳ ಉದ್ದಕ್ಕೂ ನೆಲದಲ್ಲಿ ಸಿಡಿಮದ್ದನ್ನು ಸಿಡಿಸಿ, ಆಳದ ಸೀಮೆಗಳಿಂದ ಹಿಂದಿರುಗಿ ಬಂದ ಅಲೆಗಳನ್ನು ಹಿಡಿದರು. ಎಳನೀರಿನ ಕಾಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರೆಷ್ಟು ಗಂಜಿಯೆಷ್ಟು ಎಂದು ಹೇಳುವ ಮದ್ದೂರಿನ ವ್ಯಾಪಾರಿಗೆ ಈ ಉಪಾಯವು ಹೊಸದಾಗಿ ತೋರಲಾರದು. ಭಾರತದಲ್ಲಿ ಈ ಬಗೆಯ ಆಳದ ಶೋಧನೆಯು ನಡೆದುದು ಅದೇ ಮೊದಲು.

1990ರ ದಶಕದ ಬಳಿಕ ಸಿಡಿಮದ್ದಿನ ಅವಶ್ಯಕತೆಯೂ ಕಡಮೆಯಾಯಿತು. ದೂರದೇಶದ ಭೂಕಂಪದಿಂದ ಬಂದ ಮೊದಲನೆಯ ಅಲೆಯು ನಮ್ಮ ಕಾಲಕೆಳಗಿನ ಮೋಹೋ ಸೀಮೆಯನ್ನು ದಾಟುವಾಗ ಅದರ ಒಂದು ಪಾಲು ಎರಡನೆಯ ಬಗೆಯ ಅಲೆಯಾಗಿ ಮಾರ್ಪಟ್ಟು, ಸ್ವಲ್ಪ ಹಿಂದುಳಿದು ಬರುತ್ತದೆ. ಸೀಮೆಯು 40 ಕಿಲೋಮೀಟರು ಆಳದಲ್ಲಿದ್ದರೆ ಹಿಂದುಳಿಯುವುದು ಸುಮಾರು 5 ಸೆಕೆಂಡು. ಆ ಐದು ಸೆಕೆಂಡುಗಳನ್ನು ಸರಿಯಾಗಿ ಓದಿದರೆ ಆಳವು ತಿಳಿಯುತ್ತದೆ. ಓಲ್ಡ್‌ಹ್ಯಾಂ ಅವರು ಬೇರ್ಪಡಿಸಿದ ಎರಡು ಅಲೆಗಳೇ ಇಲ್ಲಿಯೂ ದುಡಿಯುತ್ತಿವೆಯೆಂಬುದನ್ನು ಮರೆಯಬಾರದು. ಈ ಕ್ರಮದಿಂದ ಕರ್ಣಾಟಕದ ಪೂರ್ವಭಾಗದಲ್ಲಿ ಭೂಕವಚವು ಸುಮಾರು 35 ಕಿಲೋಮೀಟರುಗಳಷ್ಟು ದಪ್ಪವಿರುವುದೆಂದೂ, ಪಶ್ಚಿಮಭಾಗದಲ್ಲಿ 40 ರಿಂದ 50 ಕಿಲೋಮೀಟರುಗಳವರೆಗೂ ಇಳಿದಿರುವುದೆಂದೂ ಗೊತ್ತಾಗಿದೆ.

ಈಗ ಹಲಗೂರಿನ ಬಂಡೆಯ ಬಳಿಗೆ ಹಿಂದಿರುಗೋಣ. ಅಲ್ಲಿಗೆ ಸಮೀಪದಲ್ಲಿಯೇ ಇರುವ ಕಬ್ಬಾಳದುರ್ಗದಲ್ಲಿ ಸಾಮಾನ್ಯವಾದ ಬಿಳಿಬೂದಿಯ ಕಲ್ಲು, ಆಳದ ಬೇಗೆಯಿಂದ ಕಪ್ಪುಹಸುರಿನ ಚಾರ್ನಕೈಟ್ ಶಿಲೆಯಾಗಿ ಮಾರ್ಪಡುತ್ತಿರುವುದನ್ನು ನಮ್ಮವರೇ ಆದ ಪಿಚ್ಚಮುತ್ತು ಅವರು 1960ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಒಂದು ಕಾಲದಲ್ಲಿ ಸೆರೆಯಾಳುಗಳ ಬೆಟ್ಟವೆಂದು ಹೆಸರಾಗಿದ್ದ ಆ ದುರ್ಗವು ಇಂದು ವಿದ್ವಾಂಸರ ಯಾತ್ರಾಸ್ಥಳವಾಗಿದೆ. ಮೇಲಿನಿಂದ ಸುಮಾರು 20 ಕಿಲೋಮೀಟರುಗಳಷ್ಟು ನೆಲವು ಸವೆದುಹೋಗಿದ್ದರೂ ಕೆಳಗೆ ಇನ್ನೂ ಸುಮಾರು 40 ಕಿಲೋಮೀಟರುಗಳ ಕವಚವು ಉಳಿದಿದೆ. ಎರಡನ್ನೂ ಕೂಡಿದರೆ ಬರುವ ಮೊತ್ತವು ಇಂದಿನ ಹಿಮಾಲಯದಂಥ ಪರ್ವತಸಾಲಿಗೆ ತಕ್ಕುದಾಗಿದೆ. ನಮ್ಮ ಮಳವಳ್ಳಿ ಕನಕಪುರಗಳ ಸೀಮೆಯಲ್ಲಿ ಒಮ್ಮೆ ಅಂಥ ಉನ್ನತವಾದ ಪರ್ವತಗಳಿದ್ದಿರಬೇಕೆಂಬುದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಮೇಲಣ ಸಾಕ್ಷ್ಯವನ್ನು ಕಲ್ಲು ಹೇಳಿತು. ಕೆಳಗಣ ಸಾಕ್ಷ್ಯವನ್ನು ಅಲೆಯು ಹೇಳಿತು.

ಓಲ್ಡ್‌ಹ್ಯಾಂ ಅವರ ಚರಿತ್ರೆಗೆ ಇನ್ನೊಂದು ಅನುಬಂಧವಿದೆ. 1897ರ ಭೂಕಂಪವು ಯಾವ ಬಿರುಕಿನಿಂದ ಹುಟ್ಟಿತೆಂಬುದು ನೂರು ವರ್ಷಗಳಾದರೂ ವಿವಾದದಲ್ಲಿತ್ತು. 2001ರಲ್ಲಿ ಬಿಲ್ಹ್ಯಾಂ ಮತ್ತು ಇಂಗ್ಲೆಂಡ್ ಎಂಬ ಇಬ್ಬರು ವಿದ್ವಾಂಸರು, ಭೂಕಂಪದ ಹಿಂದೆಯೂ ಮುಂದೆಯೂ ಭೂಮಾಪಕರು ಅಳೆದು ಬರೆದಿಟ್ಟಿದ್ದ ಹಳೆಯ ಅಂಕಿಗಳನ್ನು ಹೊಸದಾಗಿ ಪರೀಕ್ಷಿಸಿ, ಷಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದ ಅಂಚಿನ ಕೆಳಗೆ ಮರೆಯಾಗಿದ್ದ ಬಿರುಕನ್ನು ಗುರುತಿಸಿದರು. ಅದಕ್ಕೆ ಓಲ್ಡ್‌ಹ್ಯಾಂ ಬಿರುಕೆಂದೇ ಹೆಸರಿಟ್ಟರು. ಬೆಟ್ಟದ ನೆತ್ತಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕೋನಗಳನ್ನು ಅಳೆದ ಆ ಭೂಮಾಪಕರಿಗಾಗಲಿ, ಸರಪಣಿ ಹಿಡಿದ ಖಲಾಸಿಗಳಿಗಾಗಲಿ, ತಮ್ಮ ಅಂಕಿಗಳು ಶತಮಾನದಾಚೆ ಹೀಗೆ ಬಾಯಿಬಿಡುವುವೆಂಬ ಕಲ್ಪನೆಯಿದ್ದಿರಲಾರದು. ಅವರು ಮಾಡಿದುದು ಇಷ್ಟೇ: ಕಂಡದ್ದನ್ನು ಕಂಡಂತೆ ಬರೆದರು.

ನಮ್ಮ ದಕ್ಷಿಣದ ನೆಲವು ಅಚಲವೆಂದು ನಂಬಿ ನಿಶ್ಚಿಂತರಾಗಿರುವವರು ನಮ್ಮಲ್ಲಿ ಉಂಟು. 1900ನೆಯ ಇಸವಿ ಫೆಬ್ರವರಿ 8ರಂದು ಕೊಯಮತ್ತೂರಿನ ಭೂಕಂಪವು ದಕ್ಷಿಣಭಾರತವನ್ನು ನಡುಗಿಸಿತು. 1967ರ ಡಿಸೆಂಬರಿನಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಲಾತೂರು ಸೀಮೆಗಳು ಎಷ್ಟು ಜೀವಗಳನ್ನು ಬಲಿಗೊಟ್ಟುವೆಂಬುದು ಎಲ್ಲರಿಗೂ ತಿಳಿದಿದೆ. ಗಾಬರಿಪಡಬೇಕಾದ ಕಾರಣವಿಲ್ಲ, ಆದರೆ ಮೈಮರೆಯಲೂ ಕಾರಣವಿಲ್ಲ. ಯಂತ್ರಗಳು ಹೆಚ್ಚಿದುವೆಂದು ಮನುಷ್ಯರ ಹೊಣೆಯು ತಪ್ಪಿತೆಂದಲ್ಲ. ಯಂತ್ರವು ಅಲೆಯ ಬರವನ್ನು ಬರೆಯಬಲ್ಲದು. ಯಾವ ಊರಿನಲ್ಲಿ ಎಂಥ ಗೋಡೆ ಬಿರಿಯಿತು, ಎಂಥದು ನಿಂತಿತು, ಯಾವ ಬಾವಿಯ ನೀರು ಏರಿತು ಇಳಿಯಿತು ಎಂಬುದನ್ನು ಸ್ಥಳದಲ್ಲಿದ್ದವರೇ ಬರೆಯಬೇಕು. ನೆಲವು ಸ್ವಲ್ಪ ನಡುಗಿದರೂ ವೇಳೆಯನ್ನು ಗಡಿಯಾರದಿಂದ ನೋಡಿ, ಕಂಡದ್ದನ್ನು ಉತ್ಪ್ರೇಕ್ಷೆಯಿಲ್ಲದೆ ಬರೆದಿಡುವ ಅಭ್ಯಾಸವು ನಮ್ಮ ಶಾಲೆಗಳಲ್ಲಿಯೂ, ತಾಲ್ಲೂಕು ಕಚೇರಿಗಳಲ್ಲಿಯೂ, ಗ್ರಾಮದ ಚಾವಡಿಗಳಲ್ಲಿಯೂ ನೆಲೆಗೊಳ್ಳಬೇಕು. ಹಳೆಯ ದಾಖಲೆಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಬೇಕು. ಕಳೆದುಹೋದ ಧನವನ್ನು ಮತ್ತೆ ಸಂಪಾದಿಸಬಹುದು; ಬರೆಯದೆ ಬಿಟ್ಟ ಭೂಕಂಪವನ್ನು ಯಾವ ಸರ್ಕಾರವೂ ಮರಳಿ ತರಲಾರದು.

ಓಲ್ಡ್‌ಹ್ಯಾಂ ಅವರು ಪರದೇಶದವರು, ಪರಪ್ರಭುತ್ವದ ಸೇವಕರು. ಆದರೂ ತಂದೆಯ ಕಾಗದಗಳನ್ನು ಕಾಪಾಡಿದರು, ಜನಸಾಮಾನ್ಯರು ಬರೆದ ಕಾಗದಗಳನ್ನು ಗೌರವಿಸಿದರು, ತಮ್ಮ ಕಾಗದಗಳನ್ನು ತಾವೇ ತಿದ್ದಿದರು. ಅವರ ವಿದ್ಯೆಯ ಮೂಲವು ಈ ಮೂರರಲ್ಲಿದೆ. ಹಲಗೂರಿನ ದಾರಿಯಲ್ಲಿ ಹೋಗುವ ನಮ್ಮ ವಾಚಕರು ಇನ್ನೊಮ್ಮೆ ಆ ಬಂಡೆಗಳನ್ನು ಕಂಡಾಗ ಕ್ಷಣಕಾಲ ನಿಂತು ನೋಡಲಿ; ಜೊತೆಯಲ್ಲಿ ಮಕ್ಕಳಿದ್ದರೆ ಅವುಗಳ ಕಥೆಯನ್ನು ಹೇಳಲಿ. ಅವರಲ್ಲಿ ಒಬ್ಬರಾದರೂ ಆ ಕಥೆಯ ಮುಂದಿನ ಭಾಗವನ್ನು ಓದಲು ಕಲಿತರೆ, ಓಲ್ಡ್‌ಹ್ಯಾಂ ಅವರನ್ನು ಸ್ಮರಿಸಿದುದು ಸಾರ್ಥಕವಾದಂತೆಯೇ ಸರಿ.